ಶಿರೂರು ಮಠ ಪ್ರಕರಣ

ಧರ್ಮ ಮತ್ತು ಸರ್ಕಾರದ ನಡುವಿನ ಗೆರೆಯ ಬಗ್ಗೆ ಸುಪ್ರೀಂ ಕೋರ್ಟ್ 1954ರಲ್ಲಿ ನೀಡಿದ, ಇಂದಿಗೂ ಪೂರ್ವನಿದರ್ಶನವಾಗಿ ಉಲ್ಲೇಖವಾಗುವ ತೀರ್ಪು. ಉಡುಪಿಯ ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥರು ಮದರಾಸಿನ 1951ರ ಹಿಂದೂ ಧಾರ್ಮಿಕ ದತ್ತಿ ಕಾಯಿದೆಯನ್ನು ಪ್ರಶ್ನಿಸಿದ್ದರು. ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು ಎಂದು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ ಬರೆದರು. ದೇವರಿಗೆ ನೈವೇದ್ಯ ಇಡುವ ಹೊತ್ತೂ ಧರ್ಮದೊಳಗೇ ಬಂತು. ಆ ಸಿದ್ಧಾಂತವನ್ನು ಹೇಳುವ ಹೊಣೆ ಮುಂದೆ ನ್ಯಾಯಾಧೀಶರ ಹೆಗಲಿಗೇ ಬಿದ್ದದ್ದು ವಿಪರ್ಯಾಸ. ಕಾಯಿದೆಯಡಿ ಧಾರ್ಮಿಕ ಸಂಸ್ಥೆಗಳು ಕಟ್ಟಬೇಕಿದ್ದ, ಆದಾಯದ ಶೇ. 5ರವರೆಗಿನ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದು ರದ್ದಾಯಿತು. ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ, ಸಿರುಗುಪ್ಪ, ಕುರುಗೋಡು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದರೂ ಅಲ್ಲಿನ ಗುಡಿಗಳಿಗೆ ಇದೇ ಮದರಾಸು ಕಾಯಿದೆ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಕರ್ನಾಟಕದ 1997ರ ಕಾಯಿದೆ ಬಂತು.