ಅಜ್ಜಿಯ ಸಂಚಿಯಲ್ಲಿ ಮೂರು ನೋಟು

ಕಳೆದ ತಿಂಗಳು ನಮ್ಮ ಆಫೀಸಿನ ಕೆಳಗೆ, ಕಾಫಿ ಕೌಂಟರಿನ ಪಕ್ಕ, ಒಬ್ಬರು ಹೆಂಗಸು ಸಣ್ಣ ಸ್ಟಾಲ್ ಹಾಕಿದ್ದರು. ಮನೆಯಲ್ಲೇ ಹೊಲಿದ ಬಟ್ಟೆಯ ಪರ್ಸು, ಪೌಚು, ಹೆಗಲಿಗೆ ಹಾಕುವ ಬ್ಯಾಗು. ಇಳಕಲ್ ಸೀರೆಯ ಸೆರಗಿನ ತುಂಡಿನಿಂದ ಮಾಡಿದ ಒಂದು ವ್ಯಾಲೆಟ್ ಚೆಂದ ಇತ್ತು. ಬೆಲೆ 450 ರೂಪಾಯಿ. ನಮ್ಮ ಟೀಮಿನ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮನೇಲೇ ಹೊಲ್ದಿದ್ದಲ್ವಾ ಮೇಡಂ, ಇಷ್ಟೊಂದ್ಯಾಕೆ?" ಅಂದ. ಅವರು ನಕ್ಕು ಐವತ್ತು ರೂಪಾಯಿ ಇಳಿಸಿದರು. ಇವನು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವವನು. ಮನೇಲೇ ಬರೆದ ಕೋಡ್ ಅಲ್ವಾ, ಸಂಬಳ ಯಾಕಿಷ್ಟು ಅಂತ ಅವನನ್ನು ಯಾರೂ ಕೇಳಿಲ್ಲ.

ಆ ಪ್ರಶ್ನೆ ಅವತ್ತಿಡೀ ತಲೆಯಲ್ಲಿ ಕೂತಿತ್ತು. ಯಾಕೆಂದರೆ ಮನೆಯಲ್ಲಿ ಹೊಲಿದ ಚೀಲ ಅಂದ ತಕ್ಷಣ ನನಗೆ ನೆನಪಾಗುವುದು ನನ್ನ ಅಜ್ಜಿಯ ಸಂಚಿ.

ಈಗಿನವರಿಗೆ ಸಂಚಿ ಅಂದರೆ ಏನು ಅಂತ ಹೇಳಬೇಕಾಗಬಹುದು. ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಉತ್ತರ ಕರ್ನಾಟಕದ ಕಡೆ ಚಂಚಿ ಅನ್ನುತ್ತಾರೆ. ಅಜ್ಜಿಯದು ಅಂಗೈಗಿಂತ ಸ್ವಲ್ಪ ದೊಡ್ಡದು. ಹೊರಗಡೆ ರವಿಕೆ ಹೊಲಿಸಿ ಉಳಿದ ಹಸಿರು ಕಣ, ಒಳಗಡೆ ಅಜ್ಜನ ಹಳೇ ಪಂಚೆ. ಒಂದರ ಬೆನ್ನಿಗೆ ಒಂದು ಅಂಟಿಕೊಂಡ ನಾಲ್ಕು ಖಾನೆ: ಎಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಹೊಗೆಸೊಪ್ಪಿಗೆ ಒಂದು. ಬಾಯಿಗೆ ಲಾಡಿ. ಎರಡೂ ಕಡೆಯಿಂದ ಎಳೆದರೆ ಗುಬ್ಬಿಯ ಹಾಗೆ ಮುದುರಿಕೊಳ್ಳುತ್ತಿತ್ತು. ಮೆಶಿನ್ನಿನ ಒಂದು ಹೊಲಿಗೆಯೂ ಅದರಲ್ಲಿರಲಿಲ್ಲ. ಅಂಗಡಿಯಿಂದ ತಂದದ್ದು ಅಂದರೆ ದಾರ, ಸೂಜಿ ಅಷ್ಟೇ.

ನವೆಂಬರ್ 2016ರಲ್ಲಿ ನೋಟು ರದ್ದಾದಾಗ ಮನೆಯವರೆಲ್ಲ ಅಜ್ಜಿಯನ್ನು ಕೇಳಿದ್ದೆವು, ನಿನ್ನ ಹತ್ರ ಹಳೇ ನೋಟು ಏನಾದ್ರೂ ಇದ್ಯಾ ಅಂತ. "ನಂಗೆಲ್ಲಿಂದ ಬರ್ತದೆ ದುಡ್ಡು?" ಅಂದಿದ್ದರು. ಡಿಸೆಂಬರ್ 30ಕ್ಕೆ ಬ್ಯಾಂಕಿಗೆ ಕಟ್ಟುವ ಅವಧಿಯೂ ಮುಗಿಯಿತು. 2018ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಚಿಕ್ಕಮ್ಮ ಸಂಚಿ ಒಗೆಯಲು ತೆಗೆದರೆ, ನಾಲ್ಕು ಖಾನೆಗಳ ಹಿಂದೆ ಯಾರಿಗೂ ಗೊತ್ತಿಲ್ಲದ ಐದನೆಯದೊಂದಿತ್ತು. ಅದರೊಳಗೆ 500ರ ಮೂರು ನೋಟು, ಅಡಿಕೆ ಹೋಳಿನಷ್ಟು ಸಣ್ಣದಾಗಿ ಮಡಚಿದ್ದು. (ಹತ್ತರವರೆಗೆ ಹಳೇ ನೋಟು ಇಟ್ಟುಕೊಂಡರೆ ಅಪರಾಧವಲ್ಲ ಅನ್ನುತ್ತದೆ 2017ರ ಕಾಯ್ದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.)

ಮರೆತಿದ್ದರು ಅಂತ ಅಪ್ಪನ ವಾದ. ದಿನಕ್ಕೆ ಹತ್ತು ಸಲ ಬಿಚ್ಚುವ ಚೀಲದಲ್ಲಿ ಯಾರಾದರೂ ಮರೆಯುತ್ತಾರಾ? ಸಾವಿರದೈನೂರು ಹೋದರೂ ಹೋಗಲಿ, ಆ ಐದನೇ ಖಾನೆ ಇರುವುದು ಯಾರಿಗೂ ಗೊತ್ತಾಗಬಾರದು ಅಂತ ಅಜ್ಜಿ ತೀರ್ಮಾನ ಮಾಡಿದ್ದರು ಅನ್ನುವುದು ನನ್ನ ಅನುಮಾನ.

ಕನ್ನಡದ ಚರಿತ್ರೆಯಲ್ಲಿ ಈ ಸಣ್ಣ ಚೀಲಕ್ಕೆ ದೊಡ್ಡ ಜಾಗ ಇದೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣ ಹಡಪದ ಅಪ್ಪಣ್ಣ. ಹಡಪ ಅಂದರೂ ಎಲೆ ಅಡಿಕೆಯ ಚೀಲವೇ. ಅಪ್ಪಣ್ಣನೂ ಅವನ ಹೆಂಡತಿ ಲಿಂಗಮ್ಮನೂ ಇಬ್ಬರೂ ವಚನಕಾರರು. ಅಲ್ಲಿಂದ ಐನೂರು ವರ್ಷ ಮುಂದೆ ಬಂದರೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆ. ಅವರ ಆಳ್ವಿಕೆ 1673ರಿಂದ 1704ರವರೆಗೆ. ರಾಣಿ ದೇವಾಜಮ್ಮಣ್ಣಿಯ ಸಂಚಿ ಹಿಡಿಯುವ ಊಳಿಗಕ್ಕೆ ಯಳಂದೂರಿನ ಹೊನ್ನಮ್ಮ ಎಂಬ ಹುಡುಗಿ ಇದ್ದಳು. ರಾಣಿ ಹೋದಲ್ಲೆಲ್ಲ ಚೀಲ ಹಿಡಿದು ಹಿಂದೆ ನಿಲ್ಲುವುದು, ಕೇಳಿದಾಗ ತಾಂಬೂಲ ಕೊಡುವುದು. ನಿಂತಲ್ಲೇ ಕಿವಿಗೆ ಬಿದ್ದ ವಿದ್ಯೆಯೋ, ಗುರುಗಳು ಕಲಿಸಿದ್ದೋ, ಅಂತೂ ಆ ಹುಡುಗಿ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಗೃಹಿಣಿ ಹೇಗಿರಬೇಕು ಎಂದು ಹೇಳುವ ಪುಸ್ತಕ ಅದು, ಇವತ್ತು ಓದಿದರೆ ಕೆಲವು ಕಡೆ ಕಿರಿಕಿರಿಯಾಗುತ್ತದೆ. ಆದರೆ ಅದರ ಮಧ್ಯದಲ್ಲೇ ಹೆಣ್ಣನ್ನು ಕೀಳಾಗಿ ಕಾಣುವವರನ್ನು ನಿಲ್ಲಿಸಿ, ನಿಮ್ಮನ್ನು ಹೆತ್ತವಳು ಯಾರು ಎಂದು ಅವಳು ಕೇಳುತ್ತಾಳೆ. ನಮಗೆ ಅವಳು ಸಂಚಿ ಹೊನ್ನಮ್ಮ. ಮಾಡುತ್ತಿದ್ದ ನೌಕರಿಯ ಚೀಲವೇ ಮುನ್ನೂರು ವರ್ಷದಿಂದ ಅವಳ ಹೆಸರಿನ ಮೊದಲ ಪದ.

ಆದರೆ ಆ ಸಂಚಿಯನ್ನು ಹೊಲಿದವರ ಹೆಸರು? ಅದು ಎಲ್ಲೂ ದಾಖಲಾಗಿಲ್ಲ. ಚೀಲ ಹಿಡಿದವರಿಗೆ ಚರಿತ್ರೆಯಲ್ಲಿ ಜಾಗ ಇದೆ, ಹೊಲಿದವರಿಗೆ ಇಲ್ಲ.

ದುಡ್ಡಿನ ಚೀಲಕ್ಕೆ ನಮ್ಮಲ್ಲಿ ಬೇರೆಯೇ ಹೆಸರಿತ್ತು: ಹಮ್ಮಿಣಿ. ಉದ್ದಕ್ಕೆ, ಕಿರಿದಾಗಿ ಹೊಲಿದು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಈಗ ಆ ಪದ ಪೇಪರಿನಲ್ಲಿ ಮಾತ್ರ ಉಳಿದಿದೆ, ಸನ್ಮಾನದ ಸುದ್ದಿಯಲ್ಲಿ "ಹಮ್ಮಿಣಿ ಅರ್ಪಿಸಲಾಯಿತು" ಅಂತ ಬರುತ್ತದಲ್ಲ, ಹಾಗೆ. ವ್ಯಾಪಾರಿಗಳ ಹೆಗಲ ಮೇಲೆ ಹಸಿಬೆ ಇರುತ್ತಿತ್ತು; ಮಧ್ಯದಲ್ಲಿ ಬಾಯಿ, ಹಿಂದೊಂದು ಮುಂದೊಂದು ಹೊಟ್ಟೆ. ಜಂಗಮರ ಹೆಗಲಲ್ಲಿ ಜೋಳಿಗೆ. ಇವೆಲ್ಲ ಫ್ಯಾಷನ್ ಅಲ್ಲ, ಒಳಗೆ ಹಾಕುವ ವಸ್ತುವಿಗೆ ತಕ್ಕ ಅಳತೆ. ಕಂಠೀರವ ನರಸರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಟಂಕಿಸಿದ ಚಿನ್ನದ ಹಣ ತೂಕದಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆ, ಗಾತ್ರದಲ್ಲಿ ಬೇಳೆಕಾಳಿನ ಸಮೀಪ. ಅಂಥದ್ದನ್ನು ಇಡುವ ಚೀಲದಲ್ಲಿ ಒಂದು ಹೊಲಿಗೆ ಸಡಿಲವಾದರೂ ದಾರಿಯುದ್ದಕ್ಕೂ ಚಿನ್ನ ಉದುರುತ್ತದೆ. ಸೂಜಿಯನ್ನು ಒಂದು ಹೆಜ್ಜೆ ಹಿಂದೆ ತಂದು ಮತ್ತೆ ಮುಂದೆ ಹಾಕುವ ಗಟ್ಟಿ ಹೊಲಿಗೆ ಸಣ್ಣ ಚೀಲಗಳಿಗೆ ಯಾಕೆ ಬೇಕು ಅಂತ ನನಗೆ ಅರ್ಥವಾದದ್ದು ಆ ನಾಣ್ಯವನ್ನು ನೆನೆದಾಗ.

ಇನ್ನೊಂದು ತಮಾಷೆ. ನಾವು ಷರ್ಟಿನ ಭಾಗ ಅಂದುಕೊಳ್ಳುವ ಕಿಸೆ ಕೂಡ ಮೂಲದಲ್ಲಿ ಚೀಲವೇ. ಪಾರ್ಸಿಯ ಕೀಸಾ ಅಂದರೆ ದುಡ್ಡಿನ ಥೈಲಿ. ಇಂಗ್ಲಿಷಿನ ಪಾಕೆಟ್ ಎಂಬ ಪದದ ಅರ್ಥವೂ ಪುಟ್ಟ ಚೀಲ ಅಂತಲೇ. ಮೊದಲು ಬಿಡಿಯಾಗಿದ್ದ ಚೀಲ ಆಮೇಲೆ ಬಟ್ಟೆಯೊಳಗೆ ಸೇರಿಕೊಂಡಿತು. ಗಂಡಸರ ಬಟ್ಟೆಯೊಳಗೆ ಎಂದು ಸೇರಿಸಬೇಕು. ಯಾವುದೇ ಹುಡುಗಿಯನ್ನು ಕೇಳಿ, ಅವಳ ಜೀನ್ಸಿನ ಜೇಬಿಗೆ ಫೋನ್ ಇವತ್ತಿಗೂ ಅರ್ಧವೇ ಹೋಗುವುದು.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಂಗಸರು ಇದಕ್ಕೆ ತಾವೇ ಒಂದು ಉಪಾಯ ಮಾಡಿಕೊಂಡಿದ್ದರು. ಪೇರಳೆಹಣ್ಣಿನ ಆಕಾರದ ಬಟ್ಟೆಚೀಲಗಳನ್ನು ಮನೆಯಲ್ಲಿ ಹೊಲಿದು, ಅವುಗಳನ್ನು ಒಂದು ಪಟ್ಟಿಗೆ ಸೇರಿಸಿ, ಲಂಗದ ಕೆಳಗೆ ಸೊಂಟಕ್ಕೆ ಕಟ್ಟುತ್ತಿದ್ದರು. ಲಂಗದ ಪಕ್ಕದಲ್ಲಿ ಬಿಟ್ಟ ಸೀಳಿನಿಂದ ಕೈ ಹಾಕಬೇಕು. ಬಾರ್ಬರಾ ಬರ್ಮನ್ ಮತ್ತು ಆರಿಯಾನ್ ಫೆನೆಟೊ ಎಂಬ ಇಬ್ಬರು ಇತಿಹಾಸಕಾರ್ತಿಯರು ಈ ಜೇಬಿನ ಮೇಲೇ ದೊಡ್ಡದೊಂದು ಪುಸ್ತಕ ಬರೆದಿದ್ದಾರೆ. ಮದುವೆಯಾದ ಹೆಂಗಸು ದುಡಿದದ್ದೂ ತಂದದ್ದೂ ಬಹುಮಟ್ಟಿಗೆ ಗಂಡನದೇ ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಅದು ಪೂರ್ತಿ ಬದಲಾಗಲು 1882ರ ಕಾಯ್ದೆ ಬರಬೇಕಾಯಿತು. ಅಷ್ಟರವರೆಗೆ ಬೀಗವಿಲ್ಲದ ಆ ಬಟ್ಟೆಚೀಲವೇ ಅವಳ ಲಾಕರ್.

ನಮ್ಮಲ್ಲಿ ಸ್ತ್ರೀಧನ ಅಂತ ಒಂದಿತ್ತು, ಒಪ್ಪೋಣ. ಆದರೆ ಆಸ್ತಿಯಲ್ಲಿ ವಿಧವೆಗೆ, ಮಗಳಿಗೆ ಏನಾದರೂ ಹಕ್ಕು ಬರೆದುಕೊಡಲು ಮೈಸೂರು ಸಂಸ್ಥಾನ 1933ರವರೆಗೆ ತೆಗೆದುಕೊಂಡಿತು. ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದದ್ದು ಆ ವರ್ಷ, ಮತ್ತು ಬ್ರಿಟಿಷ್ ಇಂಡಿಯಾಕ್ಕಿಂತ ನಾಲ್ಕು ವರ್ಷ ಮೊದಲು ಎಂಬುದು ಮೈಸೂರಿನ ಹೆಗ್ಗಳಿಕೆಯೇ. ನನ್ನ ಅಜ್ಜಿ ಹುಟ್ಟಿದ್ದು ಅದೇ ಹೊತ್ತಿಗೆ. ಕಾಯ್ದೆಯ ವಿಷಯ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಸೆರಗಿನ ತುದಿಯ ಗಂಟು, ಸಾಸಿವೆ ಡಬ್ಬಿ, ಸಂಚಿಯ ಐದನೇ ಖಾನೆ, ಇವು ಅವರು ತಮಗೆ ತಾವೇ ಮಾಡಿಕೊಂಡ ಕಾಯ್ದೆ.

ಕಾಗದದ ನೋಟು ಬಂದಮೇಲೆ ಚೀಲದ ಆಕಾರ ಬದಲಾಯಿತು. 1861ರ ಕಾಯ್ದೆಯಿಂದ ಸರ್ಕಾರಿ ನೋಟುಗಳು ಶುರುವಾದವು. ನೋಟಿಗೆ ಲಾಡಿಚೀಲ ಒಗ್ಗುವುದಿಲ್ಲ, ಮುದುರಿ ಹಾಳಾಗುತ್ತದೆ. ಚಪ್ಪಟೆಯಾಗಿ ಮಡಚುವ ಪರ್ಸು ಬೇಕು. ಅದೇ ಹೊತ್ತಿಗೆ ಹೊಲಿಗೆ ಮೆಶಿನ್ನೂ ಬಂತು. ಅಮೆರಿಕದ ಐಸಾಕ್ ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ, ಐದೇ ವರ್ಷಕ್ಕೆ ಅವನ ಕಂಪನಿ ಕಂತಿನಲ್ಲಿ ಮಾರಲು ಶುರುಮಾಡಿತು. ನಮ್ಮ ಇಎಂಐ ಸಂಸಾರಕ್ಕೆ ಅವನೂ ಒಬ್ಬ ಮೂಲಪುರುಷ. ಯಂತ್ರಗಳನ್ನು ಅಷ್ಟು ವಿರೋಧಿಸಿದ ಗಾಂಧೀಜಿ 1924ರಲ್ಲಿ ಈ ಒಂದು ಮೆಶಿನ್ನಿಗೆ ಮಾತ್ರ ವಿನಾಯಿತಿ ಕೊಟ್ಟರು. ಕೈಯಲ್ಲಿ ಹೊಲಿದು ಹೊಲಿದು ದಣಿಯುವ ಹೆಂಡತಿಯನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಇದನ್ನು ಕಂಡುಹಿಡಿದ ಎಂದು ಅವರು ನಂಬಿದ್ದರು. ಪಾಪ ಗಾಂಧೀಜಿ! ಸಿಂಗರ್ ನಾಟಕದ ನಟ, ಏಕಕಾಲಕ್ಕೆ ಹಲವು ಸಂಸಾರ ನಡೆಸಿದವನು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆ. ಅವನಿಗೆ ಬೇಕಾಗಿದ್ದದ್ದು ದುಡ್ಡು.

1930ರ ದಶಕದಲ್ಲಿ ಕಲ್ಕತ್ತಾದ ಜೈ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ತಂದಿತು. ನಮ್ಮ ಚಿಕ್ಕಮ್ಮನ ಮನೆಯಲ್ಲಿರುವುದೂ ಅದೇ, ಕಾಲಲ್ಲಿ ತುಳಿಯುವಂಥದ್ದು. ಅಲ್ಲಿಂದ ಎಂಬತ್ತರ ದಶಕದವರೆಗೂ ಹಳೇ ಪ್ಯಾಂಟಿನ ಕಾಲು ತರಕಾರಿ ಚೀಲವಾಗುತ್ತಿತ್ತು, ಪರದೆ ರೇಷನ್ ಚೀಲವಾಗುತ್ತಿತ್ತು. ಇವನ್ನು ಯಾರೂ ಪರಿಸರಪ್ರೇಮ ಅಂತ ಕರೆಯಲಿಲ್ಲ. 1965ರಲ್ಲೇ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಪೇಟೆಂಟ್ ಪಡೆದಿದ್ದ ಹಿಡಿಕೆಯ ಪ್ಲಾಸ್ಟಿಕ್ ಕವರು ನಮ್ಮೂರ ಕಿರಾಣಿ ಅಂಗಡಿಗೆ ನಿಧಾನಕ್ಕೆ ಬಂತು. ಬಂದಮೇಲೆ ಕೈಬೀಸಿಕೊಂಡು ಪೇಟೆಗೆ ಹೋಗುವುದೇ ನಾಗರಿಕತೆಯಾಯಿತು. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧದ ಕಥೆ ನಿಮಗೂ ಗೊತ್ತು.

ಈಗ ಮತ್ತೆ ಬಟ್ಟೆ ಚೀಲಕ್ಕೆ ಬೆಲೆ ಬಂದಿದೆ ಅನ್ನುತ್ತಾರೆ. ಬಂದಿರುವುದು ಚೀಲಕ್ಕೋ, ಹೊಲಿದವರಿಗೋ? ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಇದು ಒಳ್ಳೆಯ ಸುದ್ದಿ. ಆದರೆ ನಗರದ ಸಂದಿಗಳಲ್ಲಿ ಗುತ್ತಿಗೆದಾರ ತಂದುಕೊಟ್ಟ ತುಂಡು ಬಟ್ಟೆಯನ್ನು ಪೀಸಿಗೆ ಇಷ್ಟು ಅಂತ ಮನೆಯಲ್ಲಿ ಹೊಲಿದುಕೊಡುವವರು ಯಾವ ಪಟ್ಟಿಯಲ್ಲೂ ಇಲ್ಲ. ದಾರ ಅವರದು, ಕರೆಂಟ್ ಅವರದು, ಕೆಟ್ಟ ಪೀಸಿನ ನಷ್ಟವೂ ಅವರದು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಇಂಥವರನ್ನೂ ಸೇರಿಸಿ 'ಸೇವಾ' ಸಂಘವನ್ನು ನೋಂದಾಯಿಸಲು ಹೋದಾಗ ಅಧಿಕಾರಿಗಳು ತಕರಾರು ತೆಗೆದರು: ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಕಾರ್ಮಿಕ ಸಂಘ? 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯಿಂದ ದುಡಿಯುವವರಿಗಾಗಿಯೇ 177ನೇ ಒಪ್ಪಂದ ಮಾಡಿತು. ಭಾರತ ಇನ್ನೂ ಸಹಿ ಹಾಕಿಲ್ಲ. ಮನೇಲೇ ಹೊಲ್ದಿದ್ದಲ್ವಾ, ಇಷ್ಟೊಂದ್ಯಾಕೆ? ನಮ್ಮ ಟೀಮಿನ ಹುಡುಗ ಒಬ್ಬನೇ ಅಲ್ಲ ಕೇಳುತ್ತಿರುವುದು.

ಬಜೆಟ್ ಎಂಬ ಪದ ಫ್ರೆಂಚಿನ ಪುಟ್ಟ ತೊಗಲುಚೀಲದಿಂದ ಬಂದದ್ದು. 2019ರ ಜುಲೈನಲ್ಲಿ ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಸೂಟ್‌ಕೇಸ್ ಬಿಟ್ಟು ಕೆಂಪು ಬಟ್ಟೆಯಲ್ಲಿ ಬಜೆಟ್ ತಂದರಲ್ಲ, ಆ ಬಟ್ಟೆಚೀಲ ಮಾಡಿಕೊಟ್ಟವರು ತಮ್ಮ ಮಾಮಿ ಎಂದು ಆಮೇಲೆ ಅವರೇ ಹೇಳಿದರು. ಮನೆಯ ಚೀಲದ ಹಾಗೆ ಕಾಣಬಾರದು ಅಂತ ಅದರ ಮೇಲೆ ರಾಷ್ಟ್ರಲಾಂಛನ ಹಾಕಿಸಿದರಂತೆ.

ಅಂದಹಾಗೆ ಆ 450ರ ವ್ಯಾಲೆಟ್ ನಾನು ತೆಗೆದುಕೊಂಡೆ, ಚೌಕಾಸಿ ಮಾಡದೆ. ಆಮೇಲೆ ಹುಮ್ಮಸ್ಸಿಗೆ ನಾನೇ ಒಂದು ಹೊಲಿಯೋಣ ಅಂತ ಅಮ್ಮನ ಹಳೇ ಹತ್ತಿ ಸೀರೆಯ ತುಂಡು ಹಿಡಿದು ಕೂತೆ. ಮಾದರಿಗೆ ಅಜ್ಜಿಯ ಸಂಚಿಯೇ. ಬಟ್ಟೆ ಕತ್ತರಿಸಿದ್ದು ಶನಿವಾರ ಬೆಳಗ್ಗೆ, ಮುಗಿದದ್ದು ಮುಂದಿನ ಭಾನುವಾರ ರಾತ್ರಿ. ಬೆರಳಿಗೆ ಮೂರು ಸಲ ಸೂಜಿ ಚುಚ್ಚಿತು. ಒಂದು ಸಲ ಬಟ್ಟೆ ಮಗುಚುವುದನ್ನೇ ಮರೆತು ಹೊಲಿದು, ಅಸ್ತರು ಹೊರಗಡೆ ಬಂತು. ನನ್ನ ಆಫೀಸಿನ ಗಂಟೆಯ ಲೆಕ್ಕದಲ್ಲಿ ಅದರ ಬೆಲೆ ಎಷ್ಟಾಗುತ್ತದೆ ಅಂತ ಹಾಕಿ ನೋಡಿ, ಗಾಬರಿಯಾಗಿ ಅಳಿಸಿಬಿಟ್ಟೆ.

ಊರಿಗೆ ಹೋದಾಗ ಚಿಕ್ಕಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಹೊಲಿಗೆ ನೋಡಿದರು, ಲಾಡಿ ಎಳೆದು ನೋಡಿದರು. ನಾಲ್ಕೂ ಖಾನೆಗೆ ಒಂದೊಂದಾಗಿ ಬೆರಳು ಹಾಕಿದರು. ಹಿಂಭಾಗ ತಡಕಾಡಿದರು. ಆಮೇಲೆ ಕತ್ತರಿ ಕೈಗೆ ತೆಗೆದುಕೊಂಡು ಕೇಳಿದರು:

"ಐದನೇದು ಎಲ್ಲೋ, ಮಾರಾಯಾ?"