ಶಿವನಸಮುದ್ರದ ತಂತಿ ಮತ್ತು ಶಾಖದ ಲೆಕ್ಕ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಈ ಇತಿಹಾಸ ಬರೆಯುವವರು ಕಾವೇರಿಯ ಧುಮುಕನ್ನೂ ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನೂ ಕೊಂಡಾಡುತ್ತಾರೆ, ಕೊಂಡಾಡಬೇಕಾದ್ದೇ. ಆದರೂ ನನ್ನ ಮಟ್ಟಿಗೆ ಆ ಸಾಹಸದ ತಿರುಳಿರುವುದು ತಂತಿಯಲ್ಲಿ. ತಾಮ್ರದಲ್ಲಿ ವಿದ್ಯುತ್ತು ಹರಿದಾಗ ತಂತಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಗಣಿಗೆ ಹೋಗಬೇಕಾದದ್ದು ದಾರಿಯಲ್ಲೇ ಗಾಳಿಪಾಲು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಅದಕ್ಕೇ ವೋಲ್ಟೇಜನ್ನು ಮೂವತ್ತು ಸಾವಿರದ ಆಸುಪಾಸಿಗೆ ಏರಿಸಿ ಪ್ರವಾಹವನ್ನು ಇಳಿಸಿದರು. ಮೂರು ಸಾವಿರದಲ್ಲೇ ಕಳಿಸಿದ್ದರೆ ಅದೇ ತಂತಿಯಲ್ಲಿ ನೂರು ಪಟ್ಟು ಶಾಖ ಹುಟ್ಟುತ್ತಿತ್ತು. ಅದನ್ನು ತಪ್ಪಿಸಲು ನೂರು ಪಟ್ಟು ತಾಮ್ರ ಎಳೆಯಬೇಕಿತ್ತು. ಯಾವ ಗಣಿಯ ಲಾಭವೂ ಆ ಖರ್ಚನ್ನು ತಾಳುತ್ತಿರಲಿಲ್ಲ.

ವಿದ್ಯುತ್ತಿನ ದಾರಿಯನ್ನು ನಿರ್ಧರಿಸಿದ್ದು ಗಡಿಯೇ ಹೊರತು ಭೌತಶಾಸ್ತ್ರವಲ್ಲ ಎನ್ನಬಹುದು. ಶಿವನಸಮುದ್ರದ ಭರಚುಕ್ಕಿ ಜಲಪಾತದ ಕಡೆಯ ಕೊಳ್ಳೇಗಾಲ, ಇಂದಿನ ಹನೂರೂ ಸೇರಿದಂತೆ, 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿನ ವಿದ್ಯುತ್ತು ಮೈಸೂರಿನ ಗಣಿಗೇ ಹೋದದ್ದು ಸಹಜ. ಆದರೆ ಗಡಿ ಹೇಳುವುದು ವಿದ್ಯುತ್ತು ಯಾರಿಗೆ ಎಂಬುದನ್ನಷ್ಟೇ. ಅಷ್ಟು ದೂರ ಅದು ಉಳಿದು ಬಂದದ್ದು ಹೇಗೆ ಎಂಬುದಕ್ಕೆ ಶಾಖದ ಲೆಕ್ಕವನ್ನೇ ಕೇಳಬೇಕು. ಕೋಲಾರದ ಈ ತಂತಿ ಆಗ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗವಾಗಿತ್ತೆಂಬ ಮಾತೂ ನಿಲ್ಲದು. 1901ರಲ್ಲೇ ಕ್ಯಾಲಿಫೋರ್ನಿಯಾದ ಕೋಲ್ಗೇಟ್‌ನಿಂದ ಓಕ್‌ಲೆಂಡ್‌ಗೆ 142 ಮೈಲಿಯ ಮಾರ್ಗವಿತ್ತು. ಅಲ್ಲಿಯೂ ಗೆದ್ದದ್ದು ವೋಲ್ಟೇಜ್ ಏರಿಸುವ ಇದೇ ಉಪಾಯ.

ರೋಧವೇ ಇಲ್ಲದ ಅತಿವಾಹಕ ತಂತಿ ಬಂದರೆ ಈ ಲೆಕ್ಕವೇ ಬೇಡವಲ್ಲ ಎಂಬುದು ಇಂದಿನ ಆಕ್ಷೇಪ. 1986ರ ನಂತರ ಸಿಕ್ಕ ಅಧಿಕ-ತಾಪ ಅತಿವಾಹಕಗಳಲ್ಲಿ ಕೆಲವು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲೇ ಕೆಲಸ ಮಾಡುತ್ತವೆ. ಆದರೆ ತಂತಿಯ ಒಂದು ಬಿಂದು ಮಿತಿ ಮೀರಿ ಬೆಚ್ಚಗಾದರೆ ಅಲ್ಲಿ ರೋಧ ಮರಳುತ್ತದೆ, ರೋಧ ಶಾಖ ಹುಟ್ಟಿಸುತ್ತದೆ, ಶಾಖ ಮತ್ತಷ್ಟು ರೋಧವನ್ನು. ಇನ್ನೂ ಹೆಚ್ಚು ತಣ್ಣಗಿಡಬೇಕಾದ ಹಳೆಯ ಅತಿವಾಹಕಗಳಲ್ಲಿ ಈ ಕೆಡುಕು ಬೇಗ ಹರಡಿ ಉಪಕರಣಕ್ಕೆ ಗೋಚರಿಸುತ್ತದೆ. ಹೊಸ ತಂತಿಯಲ್ಲಿ ಅದು ಸೆಕೆಂಡಿಗೆ ಕೆಲವೇ ಸೆಂಟಿಮೀಟರಿನಷ್ಟು ನಿಧಾನವಾಗಿ ತೆವಳುತ್ತದೆ. ಪತ್ತೆಯಾಗುವ ಹೊತ್ತಿಗೆ ಆ ಒಂದೇ ಜಾಗ ಸುಟ್ಟಿರಬಹುದು. ಅದಕ್ಕೇ ತೆಳು ಪಟ್ಟಿಯ ಅತಿವಾಹಕ ಪದರದ ಮೈಮೇಲೆ ತಾಮ್ರ ಹೊದಿಸುತ್ತಾರೆ. ಅತಿವಾಹಕ ಸೋತ ಕ್ಷಣದಲ್ಲಿ ಪ್ರವಾಹ ಆ ತಾಮ್ರಕ್ಕೆ ಹಾಯ್ದು, ಯಂತ್ರ ನಿಲ್ಲಿಸುವಷ್ಟು ಸಮಯ ಕೊಡುತ್ತದೆ.