ಕಡವಿನಿಂದ ಕಾಲಮಾನಕ್ಕೆ

ಮಾಸ್ಟ್ರಿಕ್ಟಿಯನ್

ಡೈನೋಸಾರುಗಳ ಅಂತ್ಯಕಾಲವನ್ನು ಕುರಿತ ಬರಹಗಳಲ್ಲಿ ಪದೇ ಪದೇ ಎದುರಾಗುವ ಈ ಪದವು, ಯಾವುದೋ ದೈತ್ಯಪ್ರಾಣಿಯ ಹೆಸರೆಂಬ ಭ್ರಮೆಯನ್ನು ಹುಟ್ಟಿಸುವುದುಂಟಾದರೂ, ವಸ್ತುತಃ ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ನಗರದಿಂದ ಜನಿಸಿದುದು. ಆ ಊರಹೆಸರಿನ ಮೂಲವೋ ಲ್ಯಾಟಿನ್ನಿನ ‘ಮೋಸಾ’, ‘ತ್ರಾಜೆಕ್ತುಂ’ ಎಂಬೆರಡು ಪದಗಳು. ‘ಮೋಸಾ’ ಎಂದರೆ ಇಂದು ಡಚ್ಚರು ಮಾಸ್ ಎಂದೂ ಫ್ರೆಂಚರು ಮ್ಯೂಸ್ ಎಂದೂ ಕರೆಯುವ ನದಿ. ‘ತ್ರಾಜೆಕ್ತುಂ’ ಎಂದರೆ ಹೊಳೆಯನ್ನು ದಾಟುವ ಎಡೆ, ನಮ್ಮ ಕಡವು. ಉಟ್ರೆಕ್ಟ್ ಎಂಬ ಊರಹೆಸರಿನ ಬಾಲದಲ್ಲಿಯೂ ಇದೇ ಕಡವು ಅಡಗಿದೆ.

1849ರಲ್ಲಿ ಬೆಲ್ಜಿಯಮ್ಮಿನ ಭೂವಿಜ್ಞಾನಿ ಆಂದ್ರೆ ದ್ಯುಮಾಂ ಮಾಸ್ಟ್ರಿಕ್ಟ್ ಪ್ರದೇಶದ ಸುಣ್ಣಶಿಲಾಸ್ತರಗಳಿಗೆ ಇತ್ತ ಈ ಹೆಸರು, ಕಾಲಕ್ರಮದಲ್ಲಿ ಅರ್ಥವಿಸ್ತಾರವನ್ನು ಪಡೆದು, ಸುಮಾರು 7.2 ಕೋಟಿ ವರ್ಷಗಳ ಹಿಂದೆ ಮೊದಲಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿದ, ಕ್ರಿಟೇಷಿಯಸ್ ಯುಗದ ಕಡೆಯ ಅವಧಿಗೆ ಜಗತ್ತಿನಾದ್ಯಂತ ಸಲ್ಲತೊಡಗಿತು.

ಮಾಸ್ಟ್ರಿಕ್ಟಿನ ಸುಣ್ಣಗಲ್ಲಿನ ಗಣಿಯಲ್ಲಿ 18ನೆಯ ಶತಮಾನದಲ್ಲಿ ದೊರೆತ ಘೋರವಾದ ದವಡೆಯೊಂದನ್ನು ಮೊಸಳೆಯದೆಂದೂ ತಿಮಿಂಗಿಲದ್ದೆಂದೂ ಪಂಡಿತರು ವಾದಿಸುತ್ತಿರಲು, ಅದು ಉಡದ ಬಂಧುವಾದ ಸಮುದ್ರವಾಸಿಯದೆಂಬ ಮತವನ್ನು ಫ್ರೆಂಚ್ ಪ್ರಾಣಿವಿಜ್ಞಾನಿ ಕ್ಯುವಿಯೇ 1808ರಲ್ಲಿ ಎತ್ತಿಹಿಡಿದನು. 1822ರಲ್ಲಿ ಆ ಪ್ರಾಣಿಗೆ ‘ಮೋಸಸಾರಸ್’, ಎಂದರೆ ಮೋಸಾ ನದಿಯ ಹಲ್ಲಿ, ಎಂಬ ನಾಮಕರಣವಾಯಿತು. ನಮ್ಮ ‘ಮೋಸ’ಕ್ಕೂ ಇದಕ್ಕೂ ನಂಟಿಲ್ಲ; ಆದರೆ ಅದನ್ನು ಡೈನೋಸಾರೆಂದು ಬರೆಯುವುದು ಓದುಗನಿಗೆ ಮಾಡುವ ಮೋಸವೇ ಸರಿ.

ಡೈನೋಸಾರುಗಳು ಬೇಕೆಂಬವರಿಗೆ ಇದೇ ಅವಧಿಯ ಉತ್ತರ ಅಮೆರಿಕದಲ್ಲಿ ಟಿರಾನೋಸಾರಸ್, ಟ್ರೈಸೆರಾಟಾಪ್ಸ್‌ಗಳಿದ್ದವು; ಗುಜರಾತಿನ ಶಿಲೆಗಳಲ್ಲಿ ದೊರೆತು 2003ರಲ್ಲಿ ಹೆಸರು ಪಡೆದ ಮಾಂಸಾಹಾರಿ ‘ರಾಜಾಸಾರಸ್’ ಇದೆ. ಸಂಸ್ಕೃತದ ರಾಜನನ್ನು ಗ್ರೀಕಿನ ಹಲ್ಲಿಯೊಡನೆ ಕೂಡಿಸಿದ ಈ ಅರಿಸಮಾಸವನ್ನು ನಮ್ಮ ವೈಯಾಕರಣರು ಕ್ಷಮಿಸುತ್ತಿದ್ದರೋ ಇಲ್ಲವೋ!